ಅಜ್ಜಮ್ಮನ ಅರ್ಜಿ ದಿಲ್ಲಿಯಲ್ಲಿ ಓದಿದ್ದು ನಿಜವೇ?

ಊರಿಗೆ ಏನಾದರೂ ಒಳ್ಳೆಯದು ಬಂತು ಅನ್ನಿ, ಅದನ್ನು ತಂದವರು ನಾಲ್ಕು ಜನ ಎದ್ದು ನಿಲ್ಲುತ್ತಾರೆ. ರಸ್ತೆ ಬಂದರೆ ನಾನು ತಂದೆ ಅನ್ನುತ್ತಾನೆ ಒಬ್ಬ, ಕೊಳವೆಬಾವಿ ಬಂದರೆ ನಮ್ಮಪ್ಪ ತಂದದ್ದು ಅನ್ನುತ್ತಾನೆ ಇನ್ನೊಬ್ಬ. ಕೇಳುವವರೂ ಅಷ್ಟೇ. ತಲೆ ಆಡಿಸುತ್ತಾರೆ, ಚಹಾ ಕುಡಿಯುತ್ತಾರೆ, ಎದ್ದು ಹೋಗುತ್ತಾರೆ. ಪುರಾವೆ ಎಲ್ಲಪ್ಪಾ ಎಂದು ಕೇಳುವ ಬಾಯಿ ಒಂದೂ ಇಲ್ಲ.

ಚನ್ನಗಿರಿ ತಾಲ್ಲೂಕಿನ ಎಕ್ಕದಹಳ್ಳಿಯಲ್ಲೂ ಹೀಗೇ ಆಯಿತು. ಊರಿನ ಅಂಚೆ ಕಚೇರಿಗೆ ನಲವತ್ತು ವರ್ಷ ತುಂಬಿತ್ತು. ಪಂಚಾಯ್ತಿಯವರು ಗೋಡೆಗೆ ಸುಣ್ಣ ಹೊಡೆಸಿ, ಅದರ ಮೇಲೆ ಊರಿನ ಇತಿಹಾಸ ಬರೆಸುವುದೆಂದು ತೀರ್ಮಾನಿಸಿದರು. ಪಂಚಾಯ್ತಿ ಸದಸ್ಯ ಗುರುಬಸವರಾಜ್ ಒಕ್ಕಣೆ ತಯಾರು ಮಾಡಿಕೊಂಡು ಬಂದು, ಹೆಂಗಸರ ಸಂಘದ ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದ.

“ಈ ಅಂಚೆ ಕಚೇರಿಯನ್ನು ಊರಿಗೆ ತಂದವರು ದಿವಂಗತ ಪಟೇಲ್ ವೀರಬಸಪ್ಪನವರು.”

ವೀರಬಸಪ್ಪ ಎಂದರೆ ಗುರುಬಸವರಾಜನ ತಾತ.

ಮೂಲೆಯಲ್ಲಿ ಕೂತಿದ್ದ ಕೊಟ್ರಮ್ಮ ಎದ್ದಳು. ವಯಸ್ಸು ಐವತ್ತೊಂಬತ್ತು, ಮಂಡಿ ನೋವು ಬೇರೆ. ಆದರೂ ಸಿಟ್ಟು ಬಂದರೆ ಅವಳು ಏಳುವುದಕ್ಕೆ ಯಾರ ಕೈಯೂ ಬೇಡ.

“ಯಾರೋ ತಂದಿದ್ದು? ನಿಮ್ಮ ತಾತ ಕೋಣೆ ಕೊಟ್ಟ, ಹೌದು. ಅಂಚೆ ಆಫೀಸು ತಂದಿದ್ದು ನಮ್ಮವ್ವ. ಅವಳ ಅರ್ಜಿನ ದಿಲ್ಲಿ ಸಭೆಯಾಗೆ ಓದಿದಾರೆ.”

ಗುರುಬಸವರಾಜ್ ಕೆಟ್ಟವನಲ್ಲ, ನಾಲಿಗೆ ಮಾತ್ರ ಸ್ವಲ್ಪ ಚುರುಕು. “ದಿಲ್ಲಿ ಅಜ್ಜಮ್ಮನ ಕಥೆ ನಾವೂ ಸಣ್ಣೋರಿದ್ದಾಗಿಂದ ಕೇಳೀವಿ ಬಿಡವ್ವ. ಪುರಾವೆ ಐತೇನು? ಇದ್ರೆ ತಗಂಬಾ. ಸೋಮವಾರ ಪೇಂಟರ್ ಬರ್ತಾನೆ. ಅಷ್ಟ್ರೊಳಗೆ ತಂದ್ರೆ ನಾನೇ ಬದಲಾಯಿಸಿ ಬರೆಸ್ತೀನಿ.”

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ದಿಲ್ಲಿ ಅಜ್ಜಮ್ಮ ಎನ್ನುವುದು ಕೊಟ್ರಮ್ಮನ ತಾಯಿ ಅಜ್ಜಮ್ಮನಿಗೆ ಊರು ಕಟ್ಟಿದ ಅಡ್ಡಹೆಸರು. ಆಕೆ ಸತ್ತು ಒಂಬತ್ತು ವರ್ಷವಾದರೂ ಆ ಹೆಸರು ಮಾತ್ರ ಸತ್ತಿರಲಿಲ್ಲ.

ಕೊಟ್ರಮ್ಮ ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಬಂದಳು. ಆದರೆ ಅವಳ ಸಿಟ್ಟು ಗುರುಬಸವರಾಜನ ಮೇಲಲ್ಲ.

ಬಹಳ ವರ್ಷಗಳ ಹಿಂದೆ, ಕೊಟ್ರಮ್ಮನ ಮಗಳ ಮದುವೆ ಮಾತುಕತೆಗೆ ಹೊನ್ನಾಳಿಯಿಂದ ಬೀಗರು ಬಂದಿದ್ದರು. ಅಜ್ಜಮ್ಮ ಅವರ ಮುಂದೆ ಎಲೆ ಅಡಿಕೆ ಹಾಕಿಕೊಂಡು, ನನ್ನ ಕಾಗದ ದಿಲ್ಲಿ ಸಭೆಯಾಗೆ ಓದಿದಾರೆ ಎಂದು ಶುರು ಮಾಡಿದಳು. ಬೀಗರು ಮುಖ ಮುಖ ನೋಡಿಕೊಂಡರು. ಕೊಟ್ರಮ್ಮನಿಗೆ ನಾಚಿಕೆಯಾಯಿತು. “ಸಾಕು ಸುಮ್ನಿರವ್ವ, ಯಾವಾಗ್ಲೂ ಅದೇ ಸುಳ್ಳು” ಎಂದುಬಿಟ್ಟಳು. ಅಜ್ಜಮ್ಮ ಎದ್ದು ಒಳಗೆ ಹೋದಳು. ಆಮೇಲೆ ಸಾಯುವ ತನಕ ಒಂದು ದಿನವೂ ಆ ಮಾತು ಎತ್ತಲಿಲ್ಲ.

ತಾಯಿಯನ್ನು ಸುಳ್ಳಿ ಎಂದ ಬಾಯಿ ತನ್ನದೇ. ಅದು ನಿಜವೋ ಅಲ್ಲವೋ ಎಂಬುದು ಈಗ ಅವಳಿಗೆ ಬೇಕಾಗಿತ್ತು. ಗೋಡೆಯ ಮಾತು ಆಮೇಲೆ.

ಮರುದಿನ ಶುಕ್ರವಾರ. ಕೊಟ್ರಮ್ಮ ಪಂಚಾಯ್ತಿ ಗ್ರಂಥಾಲಯದ ಬಾಗಿಲಿಗೆ ಬಂದಳು. ಈಗ ಅದಕ್ಕೆ ಅರಿವು ಕೇಂದ್ರ ಎಂದು ಬೋರ್ಡು ಹಾಕಿದ್ದಾರೆ. ಅಲ್ಲಿ ಎರಡು ಕಂಪ್ಯೂಟರ್ ಇವೆ. ನೋಡಿಕೊಳ್ಳುವವಳು ಸಂಧ್ಯಾರಾಣಿ, ಜಗಳೂರು ಕಡೆಯ ಹುಡುಗಿ, ಇಲ್ಲಿಗೆ ಸೊಸೆಯಾಗಿ ಬಂದವಳು. ಕೇಳಿದ್ದಕ್ಕೆ ಮುಖ ಸಿಂಡರಿಸದೆ ಹೇಳುವ ಗುಣ ಅವಳದು.

“ಏನವ್ವ, ಪೇಪರ್ ಓದಾಕೆ ಬಂದ್ರಾ?”

“ನಮ್ಮವ್ವ ಸುಳ್ಳಿ ಹೌದೋ ಅಲ್ಲೋ, ಅದು ಎಲ್ಲಿ ಬರೆದೈತೆ ಹೇಳು.”

ಸಂಧ್ಯಾರಾಣಿ ಕುರ್ಚಿ ಎಳೆದು ಕೂರಿಸಿದಳು. ಕೊಟ್ರಮ್ಮ ಎಲ್ಲ ಹೇಳಿದಳು. ಆಗ ಊರಿಗೆ ಅಂಚೆ ಕಚೇರಿ ಇರಲಿಲ್ಲ. ಊರಿನ ಕಾಗದವೆಲ್ಲ ಸಂತೆ ದಿನ ತ್ಯಾವಣಿಗೆಯ ಅಂಚೆ ಕಚೇರಿಯಿಂದ ಬಳೆಗಾರನ ಕೈಗೆ ಬರುತ್ತಿತ್ತು. ಅವನು ಬಳೆ ಮಲಾರದ ಜೊತೆ ತಂದು, ತನಗೆ ನೆನಪಾದಾಗ ಹಂಚುತ್ತಿದ್ದ. ಕೊಟ್ರಮ್ಮನ ಅಣ್ಣ ಸಿದ್ದು ಮಿಲಿಟರಿಯಲ್ಲಿದ್ದ. ಒಂದು ವರ್ಷ, ಅಡಿಕೆ ಸುಲಿಯುವ ಕಾಲದಲ್ಲಿ, ಅಜ್ಜಮ್ಮ ಶಾಲೆಯ ಮೇಷ್ಟ್ರನ್ನು ಕರೆಸಿ ಅರ್ಜಿ ಬರೆಸಿದಳು. ಸುಲಿಯುವ ಹೆಂಗಸರೆಲ್ಲ ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿದರು. ಶಾಯಿ ಪ್ಯಾಡು ಇರಲಿಲ್ಲ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿದ ಕೆಂಪು ಚೊಗರಿಗೇ ಹೆಬ್ಬೆರಳು ಅದ್ದಿ ಒತ್ತಿದರು.

“ಆಮೇಲೆ ದಿಲ್ಲಿಯಿಂದ ಒಂದು ಕಾರ್ಡು ಬಂತು ಕಣವ್ವ. ನಿಮ್ಮ ಮನವಿನ ಸದನದಾಗೆ ಹೇಳೀನಿ ಅಂತ. ಅವ್ವ ಅದನ್ನ ಗೂಡಿನಾಗೆ ಇಟ್ಟಿದ್ಲು, ಗೆದ್ದಲು ತಿಂತು. ಎರಡು ವರ್ಷಕ್ಕೆ ಅಂಚೆ ಆಫೀಸೂ ಬಂತು.”

“ಹಂಗಾದ್ರೆ ನೋಡೇ ಬಿಡಾಣ ಬರ್ರಿ” ಎಂದಳು ಸಂಧ್ಯಾರಾಣಿ. “ಪಾರ್ಲಿಮೆಂಟಿನಾಗೆ ಆಡಿದ ಮಾತೆಲ್ಲ ಅಲ್ಲಿ ಕೂತೋರು ಬರ್ಕಂತಾರೆ. ಮೊದಲು ಪುಸ್ತಕ ಆಗ್ತಿದ್ವು. ಈಗ ಆ ಹಳೇ ಪುಸ್ತಕದ ಪುಟಗಳನ್ನೆಲ್ಲ ಫೋಟೋ ಹಿಡಿದು ಇಂಟರ್ನೆಟ್ಟಿಗೆ ಹಾಕ್ಯಾರೆ. ಮೊದಲ ಲೋಕಸಭೆಯಿಂದ ಹಿಡಿದು ಮೊನ್ನೆ ಮೊನ್ನೆದವರೆಗೂ ಐತೆ. ಪಾರ್ಲಿಮೆಂಟ್ ಡಿಜಿಟಲ್ ಲೈಬ್ರರಿ ಅಂತಾರೆ.”

“ಮೊಬೈಲಾಗೆ ಬರೋದೆಲ್ಲ ಸುಳ್ಳಂತೆ. ಇದೂ ಅದೇ ತಾನೆ?”

“ಅಲ್ಲವ್ವ. ವಾಟ್ಸಪ್ಪಾಗೆ ಯಾರೋ ಕತ್ತರಿಸಿ ಅಂಟಿಸಿ ಕಳಿಸಿದ್ದು ಬೇರೆ. ಇದು ಸರ್ಕಾರಿ ದಾಖಲೆ. ಸದನದಾಗೆ ಯಾರು ಏನು ಅಂದ್ರು, ಮಂತ್ರಿ ಏನು ಉತ್ತರ ಕೊಟ್ರು, ತಾರೀಕು ಸಮೇತ ಇರ್ತೈತೆ.”

“ನೋಡಾಕೆ ಎಷ್ಟು ಕಟ್ಟಬೇಕು?”

“ಒಂದು ಪೈಸೆನೂ ಬ್ಯಾಡ. ಯಾರ ಅಪ್ಪಣೆನೂ ಬ್ಯಾಡ.”

ಸಂಧ್ಯಾರಾಣಿ ಆ ಕಾಲದ ನಮ್ಮ ಸಂಸದರ ಹೆಸರು ಹಾಕಿ ಹುಡುಕಿದಳು. ಆತ ಆಡಿದ ಮಾತುಗಳ ಪಟ್ಟಿ ಬಂತು. ಒಂದೊಂದೇ ತೆಗೆದು ನೋಡಿದಳು. ರೈಲಿನದು ಇತ್ತು, ಗೊಬ್ಬರದ್ದು ಇತ್ತು, ಅಂಚೆಯದು ಇರಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ದಾವಣಗೆರೆ ಜಿಲ್ಲೆ, ಅಂಚೆ ಕಚೇರಿ ಎಂದು ಹಾಕಿ ಹುಡುಕಿದಳು. ಈಚಿನ ವರ್ಷಗಳದ್ದು ಏನೇನೋ ಬಂತು. ಎಂಬತ್ತರ ದಶಕದ್ದು ಒಂದೂ ಇಲ್ಲ. ಊರಿನ ಹೆಸರು ಹಾಕಿದಳು. ಅದೂ ಇಲ್ಲ.

ಒಂದು ಗಂಟೆ ಕಳೆಯಿತು. ಸಂಧ್ಯಾರಾಣಿ ಮೆಲ್ಲಗೆ, “ಸಿಗ್ತಿಲ್ಲವ್ವ” ಎಂದಳು.

ಕೊಟ್ರಮ್ಮ ಎದ್ದಳು. “ಇರಾಕಿಲ್ಲ ಅಂತ ಹೇಳವ್ವ, ಸಿಗ್ತಿಲ್ಲ ಅಂತ ಯಾಕೆ ಹೇಳ್ತಿ? ನಾನು ಅವತ್ತು ಅಂದಿದ್ದೇ ಸರಿ ಅಂತಾಯ್ತು.” ಬಾಗಿಲು ದಾಟುವಾಗ ಅವಳ ಕಾಲು ತೊಡರಿತು. ಹಿಡಿಯಲು ಬಂದ ಸಂಧ್ಯಾರಾಣಿಯ ಕೈಯನ್ನು ತಳ್ಳಿ ಹೋದಳು.

ಶನಿವಾರ ಬೆಳಿಗ್ಗೆ ಕೊಟ್ರಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಿದ್ದ ರೀತಿ ನೋಡಿಯೇ ಗಂಡ ಕಲ್ಲೇಶಪ್ಪನಿಗೆ ಅರ್ಥವಾಯಿತು. ಅವನು ಇದೇ ಊರಿನವನು, ಮದುವೆಗೆ ಮೊದಲೇ ಅಜ್ಜಮ್ಮನಿಗೆ ದೂರದ ಸಂಬಂಧಿ. ಮಾತು ಕಡಿಮೆ.

“ಆ ರೊಟ್ಟಿ ಏನು ಪಾಪ ಮಾಡೈತೆ?” ಎಂದ.

“ನೀವು ಸುಮ್ನಿರ್ರಿ.”

ಅವನು ಸುಮ್ಮನಿದ್ದ. ಅವಳೇ ಸುಮ್ಮನಿರಲಿಲ್ಲ. ಒಲೆಯ ಮುಂದೆ ಕೂತು ಹಳೆಯದನ್ನೆಲ್ಲ ಬಿಚ್ಚಿದಳು. ಮೇಷ್ಟ್ರಿಗೆಂದು ತಾನು ಉಪ್ಪಿಟ್ಟು ತಿರುವುತ್ತಿದ್ದದ್ದು, ಹೊರಗೆ ಅವ್ವ ಏನೋ ಹೇಳುತ್ತಿದ್ದದ್ದು, ಹೆಂಗಸರು ಒಬ್ಬರನ್ನೊಬ್ಬರು ಕೆಣಕುತ್ತಿದ್ದದ್ದು. ನಿನ್ನ ಬೆರಳು ಇಷ್ಟು ದಪ್ಪ, ಕಾಗದ ಪೂರ್ತಿ ನೀನೇ ತುಂಬಿಸ್ತೀಯೇನೇ ಎಂದು ಒಬ್ಬಳು. ನನ್ನ ಗಂಡಂಗೆ ಹೇಳಬ್ಯಾಡ್ರೇ ಎಂದು ಇನ್ನೊಬ್ಬಳು. ಅಂಗಳದ ತುಂಬ ಬೆಂದ ಅಡಿಕೆಯ ಒಗರು ವಾಸನೆ. ಕೊಟ್ರಮ್ಮನಿಗೆ ಆಗ ಹದಿನೇಳು.

“ಅರ್ಜಿ ಬರೆದೋರು ಮೇಷ್ಟ್ರು. ಯಾರಿಗೆ ಅಂತ ಅವರೇ ಬರೆದ್ರು. ಲಕೋಟೆ ಹಿಂದಗಡೆ ನಮ್ಮ ವಿಳಾಸ ಬರೆದೋಳು ನಾನು. ನನ್ನ ಅಕ್ಷರ ದುಂಡುಗೆ ಅದಾವೆ ಅಂತ ಅವ್ವ ನನ್ನ ಕೈಲೇ ಬರೆಸಿದ್ಲು. ಇವತ್ತೂ ಬಾಯಿಪಾಠ ಐತೆ. ಇಂದ, ಅಜ್ಜಮ್ಮ, ಎಕ್ಕದಹಳ್ಳಿ, ಚನ್ನಗಿರಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ...”

ಬಾಯಿ ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ರೊಟ್ಟಿಯೂ ನಿಂತಿತು.

ಕಲ್ಲೇಶಪ್ಪ ಚಹಾ ಲೋಟ ಕೆಳಗಿಟ್ಟ. “ಹೌದಲ್ಲೇ! ಆಗ ನಾವು ದಾವಣಗೆರೆ ಎಲ್ಲಿದ್ವಿ? ಡಿಸಿ ಆಫೀಸಂದ್ರೆ ಶಿವಮೊಗ್ಗ, ದೊಡ್ಡಾಸ್ಪತ್ರೆ ಅಂದ್ರೆ ಶಿವಮೊಗ್ಗ, ನಿನ್ನ ಧಾರೆ ಸೀರೆ ತಂದಿದ್ದೂ ಶಿವಮೊಗ್ಗ.”

“ಒಲೆ ನೋಡ್ಕಳ್ರಿ” ಎಂದು ಕೊಟ್ರಮ್ಮ ಹಿಟ್ಟಿನ ಕೈಯಲ್ಲೇ ಹೊರಟಳು.

ಈ ತಪ್ಪು ನಮ್ಮ ಕಡೆಯವರೇ ಮಾಡುವಂಥದ್ದು. ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು, ಬೇರೆ ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. ಜಗಳೂರು ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಜಿಲ್ಲೆ ಆದದ್ದು ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲಿ ದಾವಣಗೆರೆ ಜಿಲ್ಲೆ ಎಂದು ಹುಡುಕಿದರೆ ಎಲ್ಲಿಂದ ಸಿಗಬೇಕು?

ಅರಿವು ಕೇಂದ್ರದಲ್ಲಿ ಸಂಧ್ಯಾರಾಣಿ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ತಲೆಯೇ! ಜಿಲ್ಲೆ ಆದ ವರ್ಷವೇ ನಾನು ಹುಟ್ಟಿದ್ದು. ನಮ್ಮಜ್ಜಿ ಈಗ್ಲೂ ದುರ್ಗ ಜಿಲ್ಲೆ ಅಂತಾಳೆ, ನಾನು ನಗ್ತಿದ್ದೆ. ಬರ್ರಿ ಕೂತ್ಕಳ್ರಿ. ಇನ್ನೊಂದು ಮಾತು. ನಮ್ಮ ಎಂಪಿನೇ ಕೇಳಿರಬೇಕು ಅಂತ ನಾವೇ ಅಂದ್ಕಂಡ್ವಿ. ಬೇರೆ ಊರಿನ ಸದಸ್ಯರೂ ಕೇಳಬೋದು. ಈ ಸಲ ಹೆಸರೇ ಹಾಕಾದು ಬ್ಯಾಡ.”

ಏಳನೇ ಲೋಕಸಭೆ ಎಂದು ಆರಿಸಿದಳು. ವರ್ಷ ಎಂಬತ್ತಮೂರು. ಇಂಗ್ಲಿಷಿನಲ್ಲಿ, ಆಗ ಬರೆಯುತ್ತಿದ್ದಂತೆ ಶಿಮೊಗಾ, ಅಂಚೆ ಕಚೇರಿ ಎಂದು ಹಾಕಿದಳು. ಮೂರು ಸಾಲು ಬಂದವು. ಮೊದಲನೆಯದು ಸಾಗರದ ಟೆಲಿಫೋನಿನ ವಿಚಾರ. ಎರಡನೆಯದರ ತಲೆಬರಹ ಓದಿ ಸಂಧ್ಯಾರಾಣಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

“ಶಿವಮೊಗ್ಗ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಗ್ರಾಮದಲ್ಲಿ ಅಂಚೆ ಕಚೇರಿ ತೆರೆಯುವ ಅಗತ್ಯ ಅಂತ ಐತವ್ವ!”

ತೆರೆದರೆ ಆ ಒಂದು ದಿನದ ಚರ್ಚೆಯೇ ನಾನೂರು ಪುಟ. ಹಳದಿಗಟ್ಟಿದ ಹಾಳೆಯ ಫೋಟೋಗಳು ಒಂದಾದ ಮೇಲೊಂದು ಸರಿದವು. ಕೊಟ್ರಮ್ಮನಿಗೆ ಇಂಗ್ಲಿಷು ಬರದು. ಆದರೂ ಕಣ್ಣು ತೆಗೆಯಲಿಲ್ಲ. ಅಷ್ಟರಲ್ಲಿ ಕಲ್ಲೇಶಪ್ಪ ಬಂದ. ಅವನ ಹಿಂದೆ, ದಾರಿಯಲ್ಲಿ ಸಿಕ್ಕ ಗುರುಬಸವರಾಜನೂ ಬಂದ.

“ಏನು, ದಿಲ್ಲಿ ಸಿಕ್ತಾ?” ಎಂದ ಗುರುಬಸವರಾಜ್.

“ಬಾಯಿ ಮುಚ್ಕಂಡು ನಿಂತ್ಕ” ಎಂದಳು ಕೊಟ್ರಮ್ಮ.

ಪುಟ ಸಿಕ್ಕಿತು. ತಲೆಬರಹದಲ್ಲಿ ಇಲ್ಲದ ಊರಿನ ಹೆಸರು ಒಳಗೆ ಇತ್ತು. ಮಾತಾಡಿದವರು ಬೇರೆ ಜಿಲ್ಲೆಯ ಸದಸ್ಯರು. ಸಂಧ್ಯಾರಾಣಿ ಮೊದಲು ತಾನು ಓದಿಕೊಂಡು, ಆಮೇಲೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು.

“ಆ ಊರಿನ ನಲವತ್ತೊಂದು ಮಹಿಳೆಯರು ನನಗೆ ಅರ್ಜಿ ಕಳಿಸಿದ್ದಾರೆ. ಒತ್ತಿರುವ ಹೆಬ್ಬೆಟ್ಟುಗಳು ಶಾಯಿಯವಲ್ಲ, ಅಡಿಕೆಯ ರಸದವು. ಅವರಿಗೆ ಕಾಗದ ವಾರಕ್ಕೊಮ್ಮೆ, ಕೆಲವು ಸಲ ತಿಂಗಳಿಗೊಮ್ಮೆ ತಲುಪುತ್ತದೆ. ಅವರಲ್ಲಿ ಒಬ್ಬ ಸೈನಿಕನ ತಾಯಿ ಇದ್ದಾರೆ. ಆಕೆಯ ಮಾತನ್ನೇ ಓದುತ್ತೇನೆ...”

ಸಂಧ್ಯಾರಾಣಿ ಪುಟವನ್ನು ಮುಂದಕ್ಕೆ ಸರಿಸಿದಳು.

“ರಜೆಗೆ ಬರುತ್ತೇನೆ ಎಂದು ನನ್ನ ಮಗ ಬರೆದ ಕಾಗದ, ಅವನು ಬಂದು ತಿರುಗಿ ಹೋದ ಮೇಲೆ ನನ್ನ ಕೈಸೇರಿತು. ಹಳೆಯ ಕಾಗದ ಎಂದು ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಬರುತ್ತಾನೆ ಎಂದುಕೊಂಡು ಹೋಳಿಗೆ ಮಾಡಿ, ಮೂರು ದಿನ ಬಸ್ಸು ನಿಲ್ಲುವಲ್ಲಿ ಹೋಗಿ ಕೂತೆ. ಯಾರಿಗೂ ಹೇಳಲಿಲ್ಲ. ನಗುತ್ತಾರೆ.”

ಕೊಟ್ರಮ್ಮನಿಗೆ ಆ ಹೋಳಿಗೆ ನೆನಪಾಯಿತು. ಹಬ್ಬವಿರಲಿಲ್ಲ, ಹುಣ್ಣಿಮೆಯಿರಲಿಲ್ಲ. ಯಾಕವ್ವ ಹೋಳಿಗೆ ಎಂದು ತಾನು ಕೇಳಲೂ ಇಲ್ಲ, ತುಪ್ಪ ಹಾಕಿಕೊಂಡು ನಾಲ್ಕು ತಿಂದಿದ್ದಳು. ಉಳಿದದ್ದನ್ನು ಅವ್ವ ಬಟ್ಟೆಯಲ್ಲಿ ಸುತ್ತಿಟ್ಟು, ಕೊನೆಗೆ ದನಕ್ಕೆ ಹಾಕಿದ್ದಳು. ಮನೆಯಲ್ಲಿ ಯಾರಿಗೂ ಹೇಳದ ಆ ಮಾತನ್ನು ಅವಳು ದಿಲ್ಲಿಗೆ ಹೇಳಿದ್ದಳು. ನಲವತ್ತೆರಡು ವರ್ಷ ಅದು ಅಲ್ಲೇ ದಾಖಲಾಗಿ ಕೂತಿತ್ತು.

“ನಿಜಾನೇ ಹೇಳಿದ್ಲು” ಎಂದಳು ಕೊಟ್ರಮ್ಮ. “ನಾನು ಸುಳ್ಳಿ ಅಂದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಕೆನ್ನೆಗೆ ಹತ್ತಿತು. ಯಾರೂ ನಗಲಿಲ್ಲ.

ಗುರುಬಸವರಾಜ್ ಪರದೆಯ ಕಡೆ ಬೆರಳು ತೋರಿಸಿದ. “ಹೆಸರು ಮಾತ್ರ ಇಲ್ಲ ನೋಡವ್ವ. ಅಜ್ಜಮ್ಮ ಅಂತ ಎಲ್ಲೂ ಬರೆದಿಲ್ಲ. ಆದ್ರೂ ನಾನು ಮಾತು ಕೊಟ್ಟೀನಿ. ಅವಳ ಹೆಸರು ಬರೆಸ್ತೀನಿ.”

“ಬ್ಯಾಡ” ಎಂದಳು ಕೊಟ್ರಮ್ಮ.

ಮೂವರೂ ಅವಳ ಮುಖ ನೋಡಿದರು.

“ದಾಖಲೆಯಾಗೆ ಏನೈತೋ ಅದನ್ನೇ ಬರಿ. ನಲವತ್ತೊಂದು ಹೆಂಗಸರು ಅಂತ ಬರಿ. ತಾರೀಕು ಹಾಕು. ನಿಮ್ಮ ತಾತ ಕೋಣೆ ಬಿಟ್ಟುಕೊಟ್ಟಿದ್ದು ಸುಳ್ಳಲ್ಲ, ಅದನ್ನೂ ಬರಿ. ಅರ್ಜಿಯಾಗೆ ನಿಮ್ಮಜ್ಜಿ ಹೆಬ್ಬೆಟ್ಟೂ ಐತೆ, ತಿಳ್ಕ. ನನ್ನ ಗಂಡಂಗೆ ಹೇಳಬ್ಯಾಡ್ರೇ ಅಂದೋಳು ಅವಳೇ.”

ಕಲ್ಲೇಶಪ್ಪ ಗೋಡೆ ಕಡೆ ತಿರುಗಿ ನಕ್ಕ. “ನಮ್ಮಜ್ಜಿನಾ?” ಎಂದು ಗುರುಬಸವರಾಜ್ ಪರದೆಯ ಹತ್ತಿರ ಬಗ್ಗಿ ನೋಡಿದ, ಅಲ್ಲಿ ಮುಖವೇ ಕಾಣಿಸುತ್ತದೇನೋ ಎಂಬಂತೆ. ಆಮೇಲೆ, “ಆ ಪುಟ ನನಗೂ ಒಂದು ಪ್ರಿಂಟ್ ಕೊಡ್ರಿ ಮೇಡಂ. ಅಪ್ಪಂಗೆ ತೋರಿಸಬೇಕು” ಎಂದ.

ಸೋಮವಾರ ಪೇಂಟರ್ ಬಂದ, ಹಾಗೆಯೇ ಬರೆದ. ಸಂಘದ ಹೆಂಗಸರು ಗೋಡೆ ನೋಡಿಕೊಂಡು ಅಲ್ಲಿಂದ ನೇರ ಅರಿವು ಕೇಂದ್ರಕ್ಕೆ ಬಂದರು. ಎಲ್ಲರಿಗಿಂತ ಮುಂದೆ ಕೊಟ್ರಮ್ಮ.

“ಹಳೇದು ಸಿಕ್ತಲ್ಲ, ಸಂಧ್ಯಾ” ಎಂದಳು. “ಈಗ ಹೊಸದು ತೆಗಿ. ನಾವು ಓಟು ಹಾಕಿ ಕಳಿಸಿದೋರು ಈ ವರ್ಷ ಅಲ್ಲಿ ನಮ್ಮ ವಿಚಾರ ಏನು ಕೇಳ್ಯಾರೆ, ಮಂತ್ರಿ ಏನು ಹೇಳ್ಯಾನೆ, ಒಂದೊಂದೇ ಓದಿ ಹೇಳು. ನಮಗೇನೂ ಅರ್ಜೆಂಟಿಲ್ಲ.”

ಹೆಂಗಸರು ಚಾಪೆ ಹಾಸಿಕೊಂಡು ಕೂತರು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಚನ್ನಗಿರಿಯಲ್ಲಿರಲಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿರಲಿ, ನೀವೂ ಹೋಗಿ ಹೀಗೆ ಕೂರಿ. ಲೋಕಸಭೆ, ರಾಜ್ಯಸಭೆಯ ಮಾತುಗಳು ಸಂಸತ್ತಿನ ಜಾಲತಾಣದಲ್ಲಿವೆ. ನಮ್ಮ ವಿಧಾನಸಭೆಯ ಚರ್ಚೆಗಳಿಗೂ ವಿಧಾನಮಂಡಲದ ಜಾಲತಾಣವಿದೆ. ವಿಷಯ ಹಾಕಿ ಹುಡುಕಬಹುದು, ಸದಸ್ಯರ ಹೆಸರಿನಿಂದ ಹುಡುಕಬಹುದು, ತಾರೀಕಿನಿಂದಲೂ ಹುಡುಕಬಹುದು. ತೊಂಬತ್ತೇಳಕ್ಕಿಂತ ಹಿಂದಿನದಾದರೆ ಹಳೆಯ ಜಿಲ್ಲೆಯ ಹೆಸರು ಹಾಕುವುದನ್ನು ಮರೆಯಬೇಡಿ. ಮೊದಲ ಸಲಕ್ಕೆ ಸಿಗದಿದ್ದರೆ ಕೊಟ್ರಮ್ಮನಂತೆ ಸಿಟ್ಟು ಮಾಡಿಕೊಳ್ಳಿ, ಆದರೆ ಅವಳಂತೆಯೇ ತಿರುಗಿ ಬನ್ನಿ. ಹುಡುಕಿದ್ದೆಲ್ಲ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಇಂಗ್ಲಿಷು ಬರದಿದ್ದರೆ ಗ್ರಂಥಾಲಯದವರನ್ನು ಕೇಳಿ, ಮನೆಯಲ್ಲಿ ಓದಿದ ಸೊಸೆಯನ್ನು ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಮೈಕಿನಲ್ಲಿ ಕೂಗಿದ್ದನ್ನು, ಮೊಬೈಲಿಗೆ ಬಂದದ್ದನ್ನು ಕೇಳಿ ತಲೆ ಆಡಿಸಿ ಎದ್ದು ಬರುವುದಿದೆಯಲ್ಲ, ನಾಚಿಕೆಯಾಗಬೇಕಾದ್ದು ಅದಕ್ಕೆ.

ದಿಲ್ಲಿಯಲ್ಲಿ ನಿಮ್ಮ ಊರಿನ ಹೆಸರು ಎತ್ತಿದವರು ಯಾರು, ಬಾಯಿ ಬಿಡದೆ ಕೂತವರು ಯಾರು ಎಂಬುದು ನಿಮಗೆ ಗೊತ್ತಿರಲಿ. ನಿಮಗೆ ಗೊತ್ತಿದೆ ಎಂಬುದು, ಓಟು ಕೇಳಲು ಬಾಗಿಲಿಗೆ ಬಂದವರಿಗೂ ಗೊತ್ತಾಗಲಿ.